ಎಕೋ ವರದಿಗೆ 11 ದಿನವೇ?

ಸಂಪಾದಕರೇ,

ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ನನ್ನ ಹೆಂಡತಿಗೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆ. ಎದೆಗೆ ಜೆಲ್ ಹಚ್ಚಿ ಅರ್ಧ ಗಂಟೆಯಲ್ಲಿ ಮುಗಿಸಿದರು. ಕವಾಟ ತೆರೆದು ಮುಚ್ಚುವುದೆಲ್ಲ ಪರದೆಯ ಮೇಲೆ ಆಗಲೇ ಕಾಣಿಸುತ್ತದೆ. ಆದರೂ ವರದಿಗೆ 11 ದಿನ! ತಿ. ನರಸೀಪುರದಿಂದ ಎರಡು ಸಲ ಸುಮ್ನೆ ಬಸ್ಸು ಹತ್ತಿದ್ದಾಯಿತು. ‘ಡಾಕ್ಟರ್ ಸಹಿ ಆಗಿಲ್ಲ, ನಾಳೆ ಬನ್ನಿ’ ಎಂದರು. ಅಷ್ಟು ದಿನವೂ ಅವಳು ಎಡಮಗ್ಗುಲಿಗೆ ಮಲಗಲು ಹೆದರಿದಳು. ನಾನು ರಾತ್ರಿ ಎದ್ದೆದ್ದು ಅವಳ ಉಸಿರು ನೋಡುತ್ತಿದ್ದೆ. ಕೊನೆಗೆ ಸಿಕ್ಕ ಹಾಳೆಯಲ್ಲಿ ಇ.ಎಫ್. (ಪ್ರತಿ ಬಡಿತಕ್ಕೆ ಹೃದಯ ಹೊರದಬ್ಬುವ ರಕ್ತದ ಪಾಲು) ಶೇ 60 ಎಂದಿತ್ತು. ಹೃದಯ ರಕ್ತವನ್ನು ಚೆನ್ನಾಗಿಯೇ ಪಂಪ್ ಮಾಡುತ್ತಿದೆ ಎಂದರ್ಥವಂತೆ. ಇದನ್ನು ಅವತ್ತೇ ಬಾಯಲ್ಲಿ ಹೇಳಬಹುದಿತ್ತು, ಅಲ್ವಾ? ವರದಿ ಯಾವತ್ತು ಸಿಗುತ್ತದೆಂದು ರಸೀದಿಯ ಮೇಲಾದರೂ ಬರೆದುಕೊಡಲಿ. ದುಡ್ಡನ್ನಂತೂ ಅವತ್ತೇ ಕಟ್ಟಿಸಿಕೊಂಡಿದ್ದರು.

— ನಿವೃತ್ತ ಮೇಷ್ಟ್ರು, ತಿ. ನರಸೀಪುರ