ಬೈಬಲ್ ಪರಿಚಯ: ಯಾರು, ಎಲ್ಲಿ, ಎಷ್ಟು?

ಮಾನ್ಯ ಸಂಪಾದಕರೇ,

ಹಬ್ಬದ ದಿನಗಳಲ್ಲಿ ಪತ್ರಿಕೆಗಳು ಬೈಬಲ್‌ನ ವ್ಯಕ್ತಿ, ಸ್ಥಳ, ಘಟನೆಗಳನ್ನು ಪರಿಚಯಿಸುತ್ತವೆ. ಒಳ್ಳೆಯ ಕೆಲಸ. ಆದರೆ ಯಾರು, ಎಲ್ಲಿ, ಎಷ್ಟು ಎಂಬುದು ಸ್ಪಷ್ಟವಾಗದಿದ್ದರೆ, ಬೈಬಲನ್ನು ಎಂದೂ ತೆರೆದು ನೋಡದ ಓದುಗರು ಮೊದಲ ಪ್ಯಾರಾದಲ್ಲೇ ದಾರಿ ತಪ್ಪುತ್ತಾರೆ.

ಹೆಸರುಗಳನ್ನೇ ನೋಡಿ. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ‘ಹೆರೋದ’ ಎನಿಸಿಕೊಂಡವನು ಒಬ್ಬನಲ್ಲ. ಬೇತ್ಲೆಹೇಮಿನ ಗಂಡುಕೂಸುಗಳನ್ನು ಕೊಲ್ಲಿಸಿದನೆಂದು ಮತ್ತಾಯ ತನ್ನ ಸುವಾರ್ತೆಯಲ್ಲಿ (ಯೇಸುವಿನ ಬದುಕನ್ನು ಹೇಳುವ ಪುಸ್ತಕದಲ್ಲಿ) ಬರೆಯುವುದು ಮಹಾ ಹೆರೋದನ ಬಗ್ಗೆ, ಅವನು ಕ್ರಿ.ಪೂ. 4ರಲ್ಲಿ ತೀರಿಕೊಂಡ. ಸ್ನಾನಿಕ ಯೋಹಾನನ ತಲೆ ತೆಗೆಸಿದವನು ಅವನ ಮಗ ಅಂತಿಪ. ಯೇಸುವಿನ ಶಿಷ್ಯ, ಅಪೊಸ್ತಲ ಯಾಕೋಬನನ್ನು ಕತ್ತಿಗೆ ಬಲಿ ಕೊಟ್ಟವನು ಮೊಮ್ಮಗ ಅಗ್ರಿಪ್ಪ. ಮೂವರನ್ನೂ ಬರೀ ‘ಹೆರೋದ ರಾಜ’ ಎಂದು ಬರೆದರೆ, ಹಸುಳೆ ಯೇಸುವನ್ನು ಹುಡುಕಿಸಿದವನೇ ಮೂವತ್ತು ವರ್ಷಗಳ ಮೇಲೆ ಯೇಸುವಿನ ವಿಚಾರಣೆಯಲ್ಲೂ ಕೂತಿದ್ದನೆಂದು ಓದುಗರು ತಿಳಿಯುತ್ತಾರೆ. ‘ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪ’ ಎಂದು ಎರಡು ಪದ ಸೇರಿಸಿದರೆ ಗೊಂದಲ ಉಳಿಯುವುದಿಲ್ಲ.

ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ವಿಷಯದಲ್ಲಿ ಆಗುವ ತಪ್ಪು ಇನ್ನೂ ನೋವಿನದು. ಆಕೆ ವೇಶ್ಯೆಯಾಗಿದ್ದಳೆಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಲೂಕನ ಸುವಾರ್ತೆಯ 7ನೇ ಅಧ್ಯಾಯದ ಕೊನೆಯಲ್ಲಿ ಹೆಸರಿಲ್ಲದ ಒಬ್ಬ ಪಾಪಿ ಸ್ತ್ರೀ ಬರುತ್ತಾಳೆ, 8ನೇ ಅಧ್ಯಾಯದ ಆರಂಭದಲ್ಲಿ ಮಗ್ದಲದ ಮರಿಯ. ಇವರಿಬ್ಬರನ್ನೂ ಬೇಥಾನ್ಯ ಎಂಬ ಊರಿನ ಇನ್ನೊಬ್ಬ ಮರಿಯಳನ್ನೂ ಸೇರಿಸಿ ಒಬ್ಬಳೇ ಎಂದವರು ಆರನೇ ಶತಮಾನದ ಕೊನೆಯಲ್ಲಿದ್ದ ಪೋಪ್ ಒಂದನೇ ಗ್ರೆಗರಿ. ಸುವಾರ್ತೆಗಳು ಹೊರಿಸದ ಕಳಂಕವನ್ನು ಇಂದಿಗೂ ಅಚ್ಚು ಹಾಕುತ್ತಿರುವುದು ಆ ಹೆಣ್ಣುಮಗಳಿಗೆ ಮಾಡುವ ಅನ್ಯಾಯ.

ಊರುಗಳ ಬಗ್ಗೆ ಬರೆಯುವಾಗ ದೂರದ ಜೊತೆ ಎತ್ತರವನ್ನೂ ಕೊಡಬೇಕು. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ (ನೀತಿಕಥೆಯಲ್ಲಿ) ಒಬ್ಬ ಮನುಷ್ಯ ಯೆರೂಸಲೇಮಿನಿಂದ ಯೆರಿಕೋವಿಗೆ ‘ಇಳಿದು’ ಹೋಗುತ್ತಾನೆ; ಕಳ್ಳರು ಅವನನ್ನು ಹೊಡೆದು ಬಿಟ್ಟುಹೋಗುತ್ತಾರೆ, ಒಬ್ಬ ಯಾಜಕ ನೋಡಿಯೂ ಮುಂದೆ ಸಾಗುತ್ತಾನೆ, ಸಮಾರ್ಯದವನು ನೆರವಾಗುತ್ತಾನೆ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಯೆರಿಕೋ ಸುಮಾರು 250 ಮೀಟರ್ ಕೆಳಗಿದೆ. ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನ ದಾರಿ ಸಾವಿರ ಮೀಟರ್ ಇಳಿಯುತ್ತದೆ; ಸುತ್ತ ಬರಡು ಬೆಟ್ಟ, ಒಣಗಿದ ಕೊರಕಲು, ಕಳ್ಳರು ಅವಿತು ಕೂರಲು ಹೇಳಿ ಮಾಡಿಸಿದ ತಿರುವುಗಳು. ಯಾಜಕನೂ, ಅಂದರೆ ದೇವಾಲಯದ ಪೂಜಾರಿಯೂ, ಅದೇ ದಾರಿಯಲ್ಲಿ ಇಳಿಯುತ್ತಿದ್ದ ಎನ್ನುತ್ತಾನೆ ಲೂಕ. ಹಾಗಾಗಿ ಅವನು ಯೆರೂಸಲೇಮಿನ ದೇವಾಲಯವನ್ನು ಬೆನ್ನ ಹಿಂದೆ ಬಿಟ್ಟು ಬರುತ್ತಿದ್ದವನು. ಪೂಜೆಗೆ ಹೊತ್ತಾಯಿತೆಂದು ಗಾಯಾಳುವನ್ನು ಬಿಟ್ಟು ಹೋದ ಎಂಬ ಸಮರ್ಥನೆಗೆ ಆ ಒಂದು ಕ್ರಿಯಾಪದ ಎಡೆ ಕೊಡುವುದಿಲ್ಲ. ‘ಹೋಗುತ್ತಿದ್ದ’ ಎಂದಷ್ಟೇ ಬರೆದರೆ ಇದೆಲ್ಲ ಕಳೆದುಹೋಗುತ್ತದೆ.

ಹಾಗೆಯೇ ‘ಗಲಿಲಾಯ ಸಮುದ್ರ’ ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿ.ಮೀ., ಹೆಚ್ಚೆಂದರೆ 13 ಕಿ.ಮೀ. ಅಗಲ. ಹೊಸ ಒಡಂಬಡಿಕೆಯಲ್ಲಿ ಅಂತಿಯೋಕ್ಯ ಎಂಬ ಊರು ಎರಡಿವೆ, ಕೈಸರೈಯವೂ ಎರಡಿವೆ, ಯಾವುದೆಂದು ಹೇಳಲೇಬೇಕು.

ಅಳತೆಗಳಲ್ಲಿ ‘ಮೊಳ’ ನಮಗೆ ಕೈಯಳತೆಯಲ್ಲೇ ಗೊತ್ತು. ಮೊಳಕ್ಕೆ 45 ಸೆಂ.ಮೀ. ಹಿಡಿದರೆ 300 ಮೊಳ ಉದ್ದದ ನೋಹನ ನಾವೆ 135 ಮೀಟರ್ ಆಗುತ್ತದೆ. ಹಣದ ಲೆಕ್ಕವೇ ಕಷ್ಟ. ಅದನ್ನು ಇಂದಿನ ನೋಟಿಗೆ ತಿರುಗಿಸಿದರೆ ನಾಲ್ಕು ವರ್ಷಕ್ಕೆ ಹಳತಾಗುತ್ತದೆ; ದಿನಗೂಲಿಯಲ್ಲಿ ಹೇಳುವುದು ಮೇಲು. ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದಲ್ಲಿ ಒಂದು ದಿನದ ಕೂಲಿ ಒಂದು ದಿನಾರಿ. ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಈಗ 18ನೇ ಅಧ್ಯಾಯದ ಸಾಲಗಾರನನ್ನು ನೋಡಿ. ಅರಸ ಮನ್ನಾ ಮಾಡಿದ ಅವನ ಸಾಲ 10,000 ತಲಾಂತು, ಅಂದರೆ ಆರು ಕೋಟಿ ದಿನದ ಕೂಲಿ. ಹೊರಗೆ ಬಂದವನೇ ಜೊತೆಯ ಆಳಿನ ಕುತ್ತಿಗೆ ಹಿಸುಕಿದ್ದು 100 ದಿನದ ಕೂಲಿಗಾಗಿ. ‘ದೊಡ್ಡ ಸಾಲ, ಚಿಕ್ಕ ಸಾಲ’ ಎಂದು ಬರೆದರೆ ಕಥೆಯ ಪೆಟ್ಟು ತಾಗುವುದೇ ಇಲ್ಲ.

ಇನ್ನು, ಚಿತ್ರಪಟಗಳಲ್ಲಿ ಕಂಡದ್ದನ್ನೆಲ್ಲ ಬೈಬಲ್‌ಗೆ ಹೊರಿಸಬಾರದು. ಹಸುಳೆ ಯೇಸುವನ್ನು ಕಾಣಲು ಬಂದ ಮೂಡಣದ ಜೋಯಿಸರು ಮೂವರೆಂದು ಮತ್ತಾಯ ಎಣಿಸಿಲ್ಲ. ಮೂರು ಇದ್ದದ್ದು ಕಾಣಿಕೆಗಳು. ಅವರು ಮಗುವನ್ನು ಕಂಡದ್ದು ಮನೆಯಲ್ಲಿ. ಗೋದಲಿಗೆ ಬಂದ ಕುರುಬರು ಲೂಕನ ಸುವಾರ್ತೆಯವರು. ದಮಸ್ಕದ ದಾರಿಯಲ್ಲಿ ಪೌಲ ನೆಲಕ್ಕೆ ಬಿದ್ದ, ಕುದುರೆಯ ಮಾತಿಲ್ಲ. ಪ್ರವಾದಿ ಯೋನನನ್ನು ನುಂಗಿದ್ದು ‘ದೊಡ್ಡ ಮೀನು’, ತಿಮಿಂಗಿಲವೆಂದು ಯೋನನ ಪುಸ್ತಕ ಹೇಳುವುದಿಲ್ಲ. ಬರೆಯುವ ಮುನ್ನ ಆ ಅಧ್ಯಾಯವನ್ನು ಪೂರ್ತಿ ಓದಿ, ಅದೇ ಘಟನೆ ಬೇರೆ ಸುವಾರ್ತೆಯಲ್ಲಿದ್ದರೆ ಪಕ್ಕಕ್ಕಿಟ್ಟು ಹೋಲಿಸಿದರೆ ಇಂಥ ಬೆರಕೆ ತಪ್ಪುತ್ತದೆ.

ಕೊನೆಗೊಂದು ಕೋರಿಕೆ. ಕನ್ನಡದ ಒಂದು ಅನುವಾದದಲ್ಲಿ ಯೆರೂಸಲೇಮ್, ಗಲಿಲಾಯ. ಇನ್ನೊಂದರಲ್ಲಿ ಜೆರುಸಲೇಮ್, ಗಲಿಲೇಯ. ಒಂದು ಲೇಖನಕ್ಕೆ ಒಂದೇ ರೂಪ ಇರಲಿ, ಮೊದಲ ಸಲ ಬಂದಾಗ ಇನ್ನೊಂದನ್ನೂ ತಿಳಿಸಿ. ಅಧ್ಯಾಯ, ವಚನದ ಸಂಖ್ಯೆಯನ್ನು ತಪ್ಪದೆ ಕೊಡಿ. ಆಗ ಯಾವ ಅನುವಾದ ಕೈಯಲ್ಲಿದ್ದರೂ ಓದುಗರು ಆ ಪುಟವನ್ನು ತಾವೇ ತೆರೆಯಬಹುದು.