ಹ್ಯೂಯೆನ್‌ತ್ಸಾಂಗ್ ಊರಿಗೆ ಮರಳಿದ ಮೇಲೆ

ಮಾನ್ಯರೇ,

ತಮ್ಮ ವಿದ್ಯಾರ್ಥಿ ಪುರವಣಿಯ ಸಾಮಾನ್ಯ ಜ್ಞಾನದ ಪುಟವನ್ನು ತಪ್ಪದೆ ಓದುತ್ತೇನೆ. ಅಲ್ಲಿ ಚೀನಾ ಎಂದರೆ ಮಹಾಗೋಡೆ, ಕಾಗದ, ಸಿಡಿಮದ್ದು, ರೇಷ್ಮೆ. ತೀರಾ ಮುಂದೆ ಹೋದರೆ ಕನ್‌ಫ್ಯೂಷಿಯಸ್. ಅಲ್ಲಿನ ಒಬ್ಬ ಕವಿಯಾಗಲಿ ಒಂದು ಕಾದಂಬರಿಯಾಗಲಿ ಕಣ್ಣಿಗೆ ಬಿದ್ದಿಲ್ಲ. ಇಂಗ್ಲೆಂಡಿನ ಸರದಿ ಬಂದರೆ ಮಾತ್ರ ಷೇಕ್ಸ್‌ಪಿಯರ್ ಹಾಜರ್!

ನಮಗೆ ಹಿಡಿಯಲು ಎಳೆಯೇ ಇಲ್ಲವೆಂದಲ್ಲ. ಚೀನಾದಿಂದ ನಮ್ಮಲ್ಲಿಗೆ ಬಂದಿದ್ದ ಬೌದ್ಧ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಹೆಸರನ್ನು ನಮ್ಮ ಮಕ್ಕಳು ಇತಿಹಾಸದ ಪಾಠದಲ್ಲಿ ಕೇಳಿರುತ್ತಾರೆ. ಇಮ್ಮಡಿ ಪುಲಿಕೇಶಿಯ ನಾಡಿನಲ್ಲಿ ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಿದ್ದರು, ಸೋತು ಬಂದ ದಳಪತಿಗೆ ಶಿಕ್ಷೆಯ ಬದಲು ಹೆಂಗಸರ ಉಡುಪು ಕೊಡುತ್ತಿದ್ದರು, ಹರ್ಷನಿಗೂ ಈ ಜನ ಮಣಿಯಲಿಲ್ಲ ಎಂದೆಲ್ಲ ಆತ ಬರೆದದ್ದನ್ನು ಶಿಕ್ಷಕರಾದ ನಾವು ಎದೆಯುಬ್ಬಿಸಿ ಹೇಳುತ್ತೇವೆ. ಅಲ್ಲಿಗೆ ಆತನನ್ನು ಕೈಬಿಡುತ್ತೇವೆ.

ಹೊರದೇಶಕ್ಕೆ ಹೋಗಬಾರದೆಂಬ ನಿಷೇಧ ಮೀರಿ ಕದ್ದು ಹೊರಟಿದ್ದ ಈ ಭಿಕ್ಷು 645ರಲ್ಲಿ 657 ಗ್ರಂಥಗಳನ್ನು ಹೊತ್ತು ರಾಜಧಾನಿ ಚಾಂಗಾನ್‌ಗೆ ಮರಳಿದ. ಉಳಿದ ಆಯುಷ್ಯವನ್ನು ಅವುಗಳ ಅನುವಾದಕ್ಕೇ ಸವೆಸಿದ. ಜನ ಆತನ ಸುತ್ತ ಕಥೆ ಹೆಣೆಯುತ್ತಲೇ ಹೋದರು. ಅವೆಲ್ಲ ಸೇರಿ ಮಿಂಗ್ ಅರಸರ ಕಾಲದಲ್ಲಿ 100 ಅಧ್ಯಾಯಗಳ ‘ಪಶ್ಚಿಮ ಯಾತ್ರೆ’ ಎಂಬ ಕಾದಂಬರಿಯಾಯಿತು. ವೂ ಚೆಂಗೆನ್ ಬರೆದದ್ದೆಂದು ಹೇಳುವ ಇದರ ಹಳೆಯ ಮುದ್ರಣ 1592ರದು. ನಮ್ಮ ಧೀರ ಯಾತ್ರಿಕ ಅಲ್ಲಿ ಶುದ್ಧ ಪುಕ್ಕಲ. ರಾಕ್ಷಸರ ಸದ್ದು ಕೇಳಿದರೆ ಕಣ್ಣೀರು ಹಾಕುತ್ತಾನೆ. ಕಾಯುವವನು ಕಲ್ಲಿನಿಂದ ಹುಟ್ಟಿದ ಸುನ್ ವುಕೊಂಗ್ ಎಂಬ ಕಪಿ. ಅವನು 72 ರೂಪ ತಾಳಬಲ್ಲ. ತನ್ನ ಕಬ್ಬಿಣದ ದೊಣ್ಣೆಯನ್ನು ಸೂಜಿಯಷ್ಟು ಕುಗ್ಗಿಸಿ ಕಿವಿಯೊಳಗೆ ಇಟ್ಟುಕೊಳ್ಳುತ್ತಾನೆ. ಇವನ ಮೂಲ ನಮ್ಮ ಹನುಮಂತ ಎಂದವರು ವಿದ್ವಾಂಸ ಹೂ ಷಿ. ಅಲ್ಲ, ಚೀನಾದ್ದೇ ಹಳೆಯ ಜಲದೈತ್ಯ ಎಂದವರು ಲೇಖಕ ಲೂ ಷುನ್. ವಾದ ಇನ್ನೂ ಮುಗಿದಿಲ್ಲ.

ನನಗೆ ಬಹಳ ಮೆಚ್ಚುಗೆಯಾದದ್ದು ಕೊನೆಯ ಪ್ರಸಂಗ. ಎಷ್ಟೋ ಕಂಟಕಗಳನ್ನು ದಾಟಿ ಬುದ್ಧನ ಸನ್ನಿಧಿಗೆ ಬಂದವರ ಮುಂದೆ ಶಿಷ್ಯರಾದ ಆನಂದ, ಕಾಶ್ಯಪರು ಕೈಚಾಚುತ್ತಾರೆ. ಕೈ ಬೆಚ್ಚಗಾಗದಿದ್ದಾಗ ಬರೀ ಖಾಲಿ ಹಾಳೆಗಳ ಗ್ರಂಥಗಳನ್ನು ಕಟ್ಟಿಕೊಡುತ್ತಾರೆ. ದೂರು ಕೊಟ್ಟರೆ ಬುದ್ಧ ನಗುತ್ತಾನೆ. ಹಿಂದೆ ನಮ್ಮ ಭಿಕ್ಷುಗಳು ಶ್ರಾವಸ್ತಿಯ ಸಾಹುಕಾರನೊಬ್ಬನ ಮನೆಯಲ್ಲಿ ಸೂತ್ರ ಪಠಿಸಿ ತೀರಾ ಅಗ್ಗಕ್ಕೆ ಕೊಟ್ಟು ಬಂದಿದ್ದರು, ನಾನೇ ಬೈದಿದ್ದೆ ಎನ್ನುತ್ತಾನೆ! ಕಡೆಗೆ ಭಿಕ್ಷು ತನ್ನ ಚಿನ್ನದ ಭಿಕ್ಷಾಪಾತ್ರೆಯನ್ನೇ ಕೊಟ್ಟು ಅಕ್ಷರವಿದ್ದ ಗ್ರಂಥಗಳನ್ನು ಪಡೆಯಬೇಕಾಗುತ್ತದೆ. ಭಕ್ತಿಯೂ ಉಂಟು, ಸರ್ಕಾರಿ ಕಚೇರಿಗಳ ಮೇಲಿನ ಕುಹಕವೂ ಉಂಟು. ಇದನ್ನು ಓದಿದ ಹುಡುಗ ಚೀನಾವನ್ನು ಬರೀ ಗೋಡೆಯೆಂದು ನೆನಪಿಟ್ಟುಕೊಳ್ಳಲಾರ.

‘ಮೂರು ರಾಜ್ಯಗಳು’, ‘ನೀರಂಚು’, ‘ಕೆಂಪು ಮಹಲಿನ ಕನಸು’ ಸೇರಿದರೆ ಅಲ್ಲಿನ ಮಹಾಕಾದಂಬರಿಗಳು ನಾಲ್ಕು. ಕಾವ್ಯದಲ್ಲಿ ಲೀ ಪೋ ಮತ್ತು ತೂ ಫೂ ಸಮಕಾಲೀನರು. 755ರಲ್ಲಿ ಎದ್ದ ದಂಗೆಯಲ್ಲಿ ಬಂಡಾಯಗಾರರ ವಶವಾಗಿದ್ದ ಚಾಂಗಾನ್‌ನಲ್ಲಿ ಸಿಕ್ಕಿಬಿದ್ದ ತೂ ಫೂ, ರಾಜ್ಯ ಒಡೆದರೂ ಬೆಟ್ಟ ಹೊಳೆಗಳು ಇದ್ದಲ್ಲೇ ಇವೆ ಎಂದು ಬರೆದ. ತಾಂಗ್ ಅರಸರ ಕಾಲದ ಕವಿತೆಗಳನ್ನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಒಟ್ಟುಗೂಡಿಸಿದಾಗ ಸಿಕ್ಕವು ಸುಮಾರು 49,000. ಅವುಗಳಲ್ಲಿ ಹತ್ತನ್ನಾದರೂ ನಮ್ಮ ಮಕ್ಕಳಿಗೆ ಓದಿಸಬಾರದೇ?

ಗಡಿಯಲ್ಲಿ ತಕರಾರಿರುವಾಗ ಇದೆಲ್ಲ ಬೇಕೇ ಎನ್ನುವವರಿದ್ದಾರೆ. ತಕರಾರು ಸರ್ಕಾರಗಳ ನಡುವಿನದು. ಆ ಕಪಿಗೂ ಆ ಕವಿಗೂ ಅದರ ಸೋಂಕಿಲ್ಲ. ಬೇಸಿಗೆ ರಜೆಯ ಪುರವಣಿಗಳಲ್ಲಿ ವಾರಕ್ಕೊಂದರಂತೆ ಚೀನೀ ಕೃತಿಯೊಂದನ್ನು, ಒಂದು ಚಿತ್ರ ಮತ್ತು ಒಂದು ಪ್ರಸಂಗದೊಡನೆ ಪರಿಚಯಿಸಬೇಕೆಂದು ವಿನಂತಿ. ಇಸವಿಗಳ ಪಟ್ಟಿ ಮಾತ್ರ ಬೇಡ.

– ನಿವೃತ್ತ ಇತಿಹಾಸ ಶಿಕ್ಷಕ, ಬಾಗಲಕೋಟೆ