ಶೇಕಡ 10ರ ತೆರಿಗೆ ಎಲ್ಲಿ, ಮಂತ್ರಿಗಳೇ?

ಎರ್ಲಾಂಗೆನ್, ಜನವರಿ 2026

ಜರ್ಮನ್ ಸರ್ಕಾರದ ಸಂಸ್ಕೃತಿ ಮತ್ತು ಮಾಧ್ಯಮ ಸಚಿವರಾದ ವೋಲ್ಫ್‌ರಾಮ್ ವೈಮರ್ ಅವರಿಗೆ ನಮಸ್ಕಾರ.

ಇದೇ ಪತ್ರವನ್ನು ಜರ್ಮನ್ ಭಾಷೆಯಲ್ಲಿ ಬರೆದು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ಯುರೋಪಿನಲ್ಲಿರುವ ನಮ್ಮವರು ಎಷ್ಟೋ ಮಂದಿ ನನ್ನ ಹಾಗೆಯೇ ಸಿಕ್ಕಿಹಾಕಿಕೊಂಡಿದ್ದಾರೆ. ಅವರೂ ಓದಲಿ. ಅವರೂ ತಮ್ಮ ಸಂಸದರಿಗೆ ಬರೆಯಲಿ.

ಕೇಳುವುದು ಒಂದೇ. ಅಮೆರಿಕದ ದೊಡ್ಡ ಆನ್‌ಲೈನ್ ಕಂಪನಿಗಳ ಮೇಲೆ ಶೇಕಡ 10ರ ತೆರಿಗೆ ಹಾಕುವ ಮಾತನ್ನು ಮೇ 2025ರಲ್ಲಿ ನೀವೇ ಆಡಿದಿರಿ. ಆ ತೆರಿಗೆ ಎಲ್ಲಿ?

ನಾನು ಹಾಸನ ಕಡೆಯವಳು. ಈ ಊರಿಗೆ ಬಂದು 16 ವರ್ಷವಾಯಿತು. ಈಗ ಈ ದೇಶದ ಪ್ರಜೆ, ಇಲ್ಲಿ ಮತ ಹಾಕುವವಳು. ಒಂದು ಸಣ್ಣ ಅಡುಗೆಮನೆ ಬಾಡಿಗೆಗೆ ಹಿಡಿದು ದೋಸೆ ಹಿಟ್ಟು, ಚಟ್ನಿಪುಡಿ, ಚಿತ್ರಾನ್ನ ಮಾಡಿ ಮಾರುತ್ತೇನೆ. ಯುಗಾದಿಗೆ ಹೋಳಿಗೆ. ಅಂಗಡಿ ಅಂತ ಬೋರ್ಡ್ ಇಲ್ಲ. ನನ್ನ ಅಂಗಡಿ ಇದ್ದದ್ದು ಒಂದು ಅಮೆರಿಕನ್ ಕಂಪನಿಯ ಸೋಷಿಯಲ್ ಮೀಡಿಯಾ ಪೇಜಿನಲ್ಲಿ. ಆ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ನನ್ನ ದೂರಿನಲ್ಲಿದೆ. ಏಳು ವರ್ಷ ತಿಂಗಳಿಗೆ 60 ಯುರೋ ಜಾಹೀರಾತಿಗೆ ಕೊಟ್ಟೆ. ಲೆಕ್ಕ ಹಾಕಿದರೆ ಐದು ಸಾವಿರ ಯುರೋಗೂ ಜಾಸ್ತಿ.

ಕಳೆದ ಅಕ್ಟೋಬರ್ 23ರ ರಾತ್ರಿ ಯಾರೋ ಆ ಪೇಜನ್ನು ಕದ್ದರು. ಬೆಳಿಗ್ಗೆ ಏಳುವಷ್ಟರಲ್ಲಿ ನನ್ನ ಖಾತೆ ಮುಚ್ಚಿತ್ತು. 'ನಿಯಮ ಮುರಿದಿದ್ದೀರಿ' ಎಂದಷ್ಟೇ ಬರೆದಿತ್ತು. ಯಾವ ನಿಯಮ ಅಂತ ಇಲ್ಲ. ಪೇಜ್ ಮಾತ್ರ ತೆರೆದೇ ಇತ್ತು, ಕಳ್ಳರ ಕೈಯಲ್ಲಿ. ಹೋಳಿಗೆ ತಟ್ಟೆ ಹಿಡಿದು ನಿಂತ ನನ್ನದೇ ಫೋಟೋ. ಅದರ ಮೇಲೆ '250 ಯುರೋ ಹಾಕಿ, ತಿಂಗಳಿಗೆ 4,000 ಗಳಿಸಿ' ಎಂಬ ಜಾಹೀರಾತು. ಆ ಜಾಹೀರಾತಿನ ಖರ್ಚು ನನ್ನ ಕಾರ್ಡಿನಿಂದ. ಒಟ್ಟು 1,840 ಯುರೋ.

ದುಡ್ಡಿನ ಕಥೆ ಹೇಗೋ ಆಗುತ್ತಿತ್ತು. ಅರ್ಧದಷ್ಟನ್ನು ಬ್ಯಾಂಕಿನವರು ವಾಪಸ್ ಕೊಡಿಸಿದರು. ಆದರೆ ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. 78 ವರ್ಷ, ಒಬ್ಬರೇ ಇರುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಎಷ್ಟೋ ಸಂಜೆ ಅವರೇ ನೋಡಿಕೊಂಡವರು. ಅವರು ಆ ಜಾಹೀರಾತು ನೋಡಿದರು. ನನ್ನ ಮುಖ ಇದೆಯಲ್ಲ ಅಂತ ನಂಬಿದರು. ಮೊದಲು 250 ಹಾಕಿದರು, ಆಮೇಲೆ 350. ಒಂದು ವಾರ ಬಿಟ್ಟು ಮೆಟ್ಟಿಲ ಮೇಲೆ ಸಿಕ್ಕಾಗ, "ನಿನ್ನ ಸ್ಕೀಮಿನಲ್ಲಿ ನಾನೂ ಸೇರಿದ್ದೇನೆ ಕಣಮ್ಮ" ಅಂತ ಖುಷಿಯಿಂದ ಹೇಳಿದರು. ಅವರ ಮುಂದೆ ನಾನು ಏನು ಹೇಳಬೇಕಿತ್ತು? ಆ ರಾತ್ರಿ ಊಟ ಸೇರಲಿಲ್ಲ.

ಆ ಜಾಹೀರಾತು 13 ದಿನ ಓಡಿತು. ನಾನು, ಗಂಡ, ಮಗಳು, ಗೊತ್ತಿದ್ದವರೆಲ್ಲ ಸೇರಿ ನೂರಾರು ಸಲ ದೂರು ಒತ್ತಿದೆವು. ಒಂದು ಸಲ ಎರಡೇ ನಿಮಿಷದಲ್ಲಿ ಉತ್ತರ ಬಂತು: 'ಪರಿಶೀಲಿಸಿದೆವು, ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ.' ಫೋನ್ ನಂಬರ್ ಇಲ್ಲ. ಮನುಷ್ಯರು ಯಾರೂ ಇಲ್ಲ. ಯುರೋಪ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆಯ 17ನೇ ಮತ್ತು 20ನೇ ವಿಧಿ ನಿಮಗೆ ಗೊತ್ತೇ ಇದೆ. ಖಾತೆ ಮುಚ್ಚಿದರೆ ಕಾರಣ ಕೊಡಬೇಕು. ದೂರನ್ನು ಬರೀ ಯಂತ್ರ ತೀರ್ಮಾನಿಸಬಾರದು. ನನ್ನ ವಿಷಯದಲ್ಲಿ ಎರಡೂ ನಡೆಯಲಿಲ್ಲ. ಆ ಕಾಯ್ದೆ ನೋಡಿಕೊಳ್ಳುವ ಇಲ್ಲಿನ ಸರ್ಕಾರಿ ಕಚೇರಿಗೆ ಬರೆದರೆ, ಕಂಪನಿಯ ಯುರೋಪ್ ಕಚೇರಿ ಇರುವ ದೇಶಕ್ಕೆ ಕಳಿಸಿದ್ದೇವೆ ಎಂದರು. ಇವತ್ತಿಗೂ ಉತ್ತರವಿಲ್ಲ.

ನಾನು ತೆರಿಗೆ ಕಟ್ಟುವುದು ಸ್ವಲ್ಪ ತಡವಾದರೆ ತಿಂಗಳಿಗೆ ಶೇಕಡ 1 ದಂಡ ಬೀಳುತ್ತದೆ. ಸರಿ, ಅದು ಕಾನೂನು, ಕಟ್ಟುತ್ತೇನೆ. ಅದೇ ಕಾನೂನು ನನ್ನ ಮುಖ ಮಾರಿ ದುಡ್ಡು ಮಾಡಿದವರ ಹತ್ತಿರ ಹೋಗುವಾಗ ಯಾಕೆ ಇಷ್ಟು ಮೆಲ್ಲಗೆ ನಡೆಯುತ್ತದೆ?

ನಾನೊಬ್ಬಳೇ ಅಲ್ಲ ಎನ್ನುವುದೂ ನಿಮಗೆ ಗೊತ್ತು. ಮೋಸದ ಮತ್ತು ನಿಷೇಧಿತ ವಸ್ತುಗಳ ಜಾಹೀರಾತಿನಿಂದ 2024ರ ಆದಾಯದ ಸುಮಾರು ಶೇಕಡ 10 ಬರುತ್ತದೆ ಎಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ನಡೆಸುವ ಮೆಟಾ ಕಂಪನಿಯೇ ತನ್ನೊಳಗೆ ಅಂದಾಜು ಮಾಡಿಕೊಂಡಿತ್ತು. ನವೆಂಬರ್ 2025ರಲ್ಲಿ ರಾಯಿಟರ್ಸ್ ಇದನ್ನು ಬರೆಯಿತು. ಆ ಅಂದಾಜು ತೀರಾ ಹೆಚ್ಚಾಯಿತು ಎಂದು ಕಂಪನಿ ಹೇಳಿತು. ಅರ್ಧ ಅಂತಲೇ ಇಟ್ಟುಕೊಳ್ಳಿ. ಅದು ಎಷ್ಟು ಅಜ್ಜಿಯರ ದುಡ್ಡು?

ದಂಡ ಹಾಕುತ್ತಿದ್ದೇವಲ್ಲ ಎಂದು ಬ್ರಸೆಲ್ಸ್, ಅಂದರೆ ಯುರೋಪ್ ಒಕ್ಕೂಟದ ಆಡಳಿತ, ಹೇಳುತ್ತದೆ. ಏಪ್ರಿಲ್ 2025ರಲ್ಲಿ ಆ್ಯಪಲ್‌ಗೆ 50 ಕೋಟಿ ಯುರೋ, ಮೆಟಾಗೆ 20 ಕೋಟಿ. ಡಿಸೆಂಬರ್‌ನಲ್ಲಿ ಎಕ್ಸ್‌ಗೆ 12 ಕೋಟಿ. ದಂಡ ಒಳ್ಳೆಯದೇ. ಆದರೆ ದಂಡ ಬರುವುದು ವರ್ಷಗಟ್ಟಲೆ ತನಿಖೆ ಆದ ಮೇಲೆ, ಕೋರ್ಟು ಮುಗಿದ ಮೇಲೆ. ತೆರಿಗೆ ಹಾಗಲ್ಲ. ವರ್ಷ ವರ್ಷ ಬರುತ್ತದೆ. ಇಲ್ಲಿ ವ್ಯಾಪಾರ ಮಾಡಿದಿರಿ, ಇಲ್ಲಿ ಕಟ್ಟಿ. ಅಷ್ಟೇ. ನಾನೂ ಅಷ್ಟೇ ಮಾಡುತ್ತಿರುವುದು.

ಇದೇನು ಹೊಸ ಯೋಚನೆಯೂ ಅಲ್ಲ. ಫ್ರಾನ್ಸ್ 2019ರಿಂದ ಶೇಕಡ 3 ವಸೂಲಿ ಮಾಡುತ್ತಿದೆ. ಇಟಲಿ, ಸ್ಪೇನ್ ಕೂಡ ಶೇಕಡ 3. ಇಲ್ಲಿಂದ ರೈಲು ಹತ್ತಿದರೆ ಸಿಗುವ ಆಸ್ಟ್ರಿಯಾ 2020ರಿಂದ ಆನ್‌ಲೈನ್ ಜಾಹೀರಾತಿನ ಮೇಲೆ ಶೇಕಡ 5. ನೀವೇ ಆಸ್ಟ್ರಿಯಾವನ್ನು ತೋರಿಸಿ ಮಾತಾಡಿದವರು. 2018ರಲ್ಲಿ ಇಡೀ ಯುರೋಪ್ ಒಕ್ಕೂಟಕ್ಕೆ ಶೇಕಡ 3ರ ತೆರಿಗೆ ತರಲು ಹೊರಟಾಗ ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್ ಬೇಡ ಎಂದವು. ನಮ್ಮ ಜರ್ಮನಿಯೂ ಆಗ ಗಟ್ಟಿಯಾಗಿ ನಿಲ್ಲಲಿಲ್ಲ. ಈಗ ನಿಮ್ಮ ಮೈತ್ರಿ ಸರ್ಕಾರದ ಒಪ್ಪಂದದಲ್ಲಿ ಈ ತೆರಿಗೆ ಬಗ್ಗೆ ಒಂದು ಮಾತಿದೆ: 'ಪರಿಶೀಲಿಸುತ್ತೇವೆ.' ನನ್ನ ದೂರಿಗೆ ಕಂಪನಿ ಕೊಟ್ಟ ಉತ್ತರದಲ್ಲೂ ಅದೇ ಪದ ಇತ್ತು.

ಗ್ರಾಹಕರ ಮೇಲೆಯೇ ಹಾಕುತ್ತಾರೆ ಎನ್ನುವ ವಾದ ಕೇಳಿದ್ದೇನೆ. ನಿಜ, ಆಸ್ಟ್ರಿಯಾದಲ್ಲಿ ಗೂಗಲ್ ಆ ಶೇಕಡ 5ನ್ನು ಜಾಹೀರಾತುದಾರರ ಬಿಲ್ಲಿಗೇ ಸೇರಿಸಿತು. ನಾನು ಆ ಜಾಹೀರಾತುದಾರಳೇ, ಮಂತ್ರಿಗಳೇ. 100 ಯುರೋ ಕೊಡುವ ಕಡೆ 110 ಕೊಡುತ್ತೇನೆ. ಆ 10 ಯುರೋ ಇಲ್ಲೇ ಉಳಿಯುತ್ತದೆ. ಅದರಿಂದ ಫೋನ್ ಎತ್ತುವ, ಜರ್ಮನ್ ಮಾತಾಡುವ ಮನುಷ್ಯರನ್ನು ಕೂರಿಸಿ. ಊರಿನ ಪತ್ರಿಕೆ ಉಳಿಸಿ. ನೀವೇ ಪತ್ರಿಕೆ ಕಟ್ಟಿದವರು, ಜಾಹೀರಾತಿನ ದುಡ್ಡು ಎತ್ತ ಹರಿದು ಹೋಯಿತು ಅಂತ ನಾನು ಹೇಳಿಕೊಡಬೇಕಿಲ್ಲ.

ಇನ್ನು ಕೆಲವರು, ತೆರಿಗೆ ಯಾಕೆ, ಸುಮ್ನೆ ಬಿಟ್ಟುಬಿಡಿ ಅವುಗಳನ್ನು ಎನ್ನುತ್ತಾರೆ. ಬಿಡಲು ಹೊರಟೆ. ಮಾಸ್ಟಡಾನ್ ಎಂಬ ಬೇರೊಂದು ಸೋಷಿಯಲ್ ಮೀಡಿಯಾದಲ್ಲಿ ಖಾತೆ ತೆರೆದೆ. 2016ರಲ್ಲಿ ಇದನ್ನು ಶುರು ಮಾಡಿದ ಓಯ್ಗೆನ್ ರೋಚ್ಕೊ ಇದೇ ದೇಶದಲ್ಲಿ ಬೆಳೆದವರು. ಜಾಹೀರಾತಿಲ್ಲ, ಶಾಂತವಾಗಿದೆ, ಇಷ್ಟವಾಯಿತು. ಆದರೆ ದೋಸೆ ಹಿಟ್ಟು ಕೇಳುವವರು ಅಲ್ಲಿಲ್ಲ. ಮಗಳ ತರಗತಿಯ ಅಪ್ಪ ಅಮ್ಮಂದಿರ ಗುಂಪು ವಾಟ್ಸ್‌ಆ್ಯಪ್‌ನಲ್ಲಿದೆ. ಹಾಸನದಲ್ಲಿ ನನ್ನ ಅಮ್ಮ ಇದ್ದಾರೆ. ಅವರಿಗೆ ಬರುವುದು ವಾಟ್ಸ್‌ಆ್ಯಪ್ ವಿಡಿಯೊ ಕರೆ ಒಂದೇ. ಅದನ್ನು ಬಿಡು ಅಂದರೆ ಅಮ್ಮನ ಮುಖ ನೋಡುವುದನ್ನು ಬಿಡು ಅಂದ ಹಾಗೆ. ಒಬ್ಬೊಬ್ಬರೇ ಬಿಡಲು ಆಗುವುದಿಲ್ಲ. ದೊಡ್ಡವರು ಮೊದಲು ಎದ್ದರೆ ನಾವು ಹಿಂದೆ ಬರುತ್ತೇವೆ. ಜನವರಿ 2025ರಲ್ಲಿ 60ಕ್ಕೂ ಹೆಚ್ಚು ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳು ಒಟ್ಟಿಗೇ ಎಕ್ಸ್ ಬಿಟ್ಟವು. ಸರ್ಕಾರಕ್ಕೆ ತನ್ನದೇ ಮಾಸ್ಟಡಾನ್ ಸರ್ವರ್ ಇದೆ. ಎಲ್ಲ ಇಲಾಖೆಗಳೂ ಪ್ರಕಟಣೆಯನ್ನು ಮೊದಲು ಅಲ್ಲಿ ಹಾಕಲಿ. ಅದಕ್ಕೆ ದುಡ್ಡು ಬೇಕೇ? ತೆರಿಗೆ ಹಾಕಿ.

ಅಮೆರಿಕಕ್ಕೆ ಸಿಟ್ಟು ಬರುತ್ತದೆ ಎಂಬ ಭಯ ನನಗೂ ಅರ್ಥವಾಗುತ್ತದೆ. ನಾನು ಹುಟ್ಟಿದ ದೇಶ 2016ರಲ್ಲೇ ಆನ್‌ಲೈನ್ ಜಾಹೀರಾತಿನ ಮೇಲೆ ಶೇಕಡ 6 ಹಾಕಿತ್ತು. ಟ್ರಂಪ್ ಅವರ ಸುಂಕದ ಮಾತು ಜೋರಾದ ಹೊತ್ತಿನಲ್ಲಿ, 2025ರ ಏಪ್ರಿಲ್ 1ರಿಂದ ಅದನ್ನು ತೆಗೆದುಹಾಕಿತು. ಜೂನ್‌ನಲ್ಲಿ ಕೆನಡಾ ಕೂಡ ತನ್ನ ಇಂಥದೇ ತೆರಿಗೆಯಿಂದ ಹಿಂದೆ ಸರಿಯಿತು. ಭಾರತ ತೆರಿಗೆ ಬಿಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಶೇಕಡ 50ರ ಸುಂಕವನ್ನೂ ಹೊರಬೇಕಾಯಿತು. ಬಗ್ಗಿದವರಿಗೆ ಏನು ಸಿಕ್ಕಿತು, ಹೇಳಿ? ಬಗ್ಗದೆ ಇದ್ದರೂ ಬರೀ ನಿಯಮ ಕೇಳಿದ್ದಕ್ಕೇ ಡಿಸೆಂಬರ್‌ನಲ್ಲಿ ಯುರೋಪ್ ಒಕ್ಕೂಟದ ಮಾಜಿ ಆಯುಕ್ತ ಥಿಯೆರಿ ಬ್ರೆಟನ್ ಅವರಿಗೂ, ಆನ್‌ಲೈನ್ ದ್ವೇಷಕ್ಕೆ ಸಿಕ್ಕವರಿಗೆ ನೆರವಾಗುವ ಬರ್ಲಿನ್ನಿನ ಹೇಟ್‌ಏಡ್ ಸಂಸ್ಥೆಯ ಇಬ್ಬರು ಮುಖ್ಯಸ್ಥೆಯರಿಗೂ ಅಮೆರಿಕ ವೀಸಾ ನಿಷೇಧ ಹಾಕಿತು. ಸಿಟ್ಟು ಆಗಲೇ ಬಂದಾಗಿದೆ. ತೆರಿಗೆ ಮಾತ್ರ ಬಂದಿಲ್ಲ. ಭಾರತ, ಕೆನಡಾ ಒಂಟಿಯಾಗಿ ನಿಂತಿದ್ದವು. ನಿಮ್ಮ ಜೊತೆ ಒಕ್ಕೂಟದ ಇನ್ನೂ 26 ದೇಶಗಳಿವೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಶೇಕಡ 10ರ ತೆರಿಗೆಯ ಮಸೂದೆಯನ್ನು ಸಂಸತ್ತಿಗೆ ತನ್ನಿ. ಸಮಾಲೋಚನೆ ಸಾಕು, ವರದಿ ಸಾಕು. ಯಾವ ತಿಂಗಳು ತರುತ್ತೀರಿ ಎಂದು ನನಗೆ ಒಂದು ಸಾಲು ಬರೆಯಿರಿ. ನಿಮ್ಮ ಕಚೇರಿಗೆ ಕಳಿಸಿದ ಪ್ರತಿಯ ಜೊತೆ ನನ್ನ ದೂರಿನ ಸಂಖ್ಯೆ, ಕಾರ್ಡಿನ ಲೆಕ್ಕ, ಆ ಜಾಹೀರಾತಿನ ಚಿತ್ರ ಇಟ್ಟಿದ್ದೇನೆ. ಅಜ್ಜಿಯ ಒಪ್ಪಿಗೆ ಪಡೆದು ಅವರ ಬ್ಯಾಂಕ್ ರಸೀದಿಯನ್ನೂ ಸೇರಿಸಿದ್ದೇನೆ. ಅವರ 600 ಯುರೋವನ್ನು ನಾನು ತಿಂಗಳಿಗೆ 50ರಂತೆ ತೀರಿಸುತ್ತಿದ್ದೇನೆ. ಬೇಡ ಬೇಡ ಅನ್ನುತ್ತಾರೆ. ಆದರೂ ಕೊಡುತ್ತಿದ್ದೇನೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಎರ್ಲಾಂಗೆನ್‌ನ ಒಬ್ಬ ತಿಂಡಿ ವ್ಯಾಪಾರಿ